ಅಕ್ಕನ ಬಿಲ್ಲೆ

ನಮ್ಮಕ್ಕನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೊರಸಕ್ಕ ಎನ್ನುತ್ತಾರೆ. ಅವಳು ನಡೆಯುವುದೇ ಹಾಗೆ, ಕಣ್ಣು ನೆಲದ ಮೇಲೆ, ಯಾವ ಪ್ರಾಣಿ ಯಾವಾಗ ಹೋಯಿತು, ಅವಸರದಲ್ಲಿತ್ತೋ ಮೇಯುತ್ತಿತ್ತೋ ಎಂದು ಓದಿಕೊಂಡು. ಪೇಟೆಬೀದಿಗೆ ತರಕಾರಿ ತರಲು ಹೋದರೂ ಅದೇ ಅಭ್ಯಾಸ. ನೋಡಿದ ಹೊಸಬರು, ಎಷ್ಟು ನಾಚಿಕೆಯ ಹೆಂಗಸಪ್ಪಾ ಎಂದುಕೊಳ್ಳುತ್ತಾರೆ. ಪಾಪ, ಅವರು ಅವಳ ಬಾಯಿ ಕೇಳಿಲ್ಲ.

ನಾನು ಅವಳ ತಮ್ಮ, ಅವಳ ತಂಡದ ಅಡುಗೆಯವನು. ಬೆಟ್ಟದ ಮೇಲೆ ಅವಳು ಮುಂದೆ, ನಡುವೆ ಚಾರಣಕ್ಕೆ ಬಂದ ಅತಿಥಿಗಳು, ಕೊನೆಯಲ್ಲಿ ಒಲೆ, ಪಾತ್ರೆ, ಆಲೂಗಡ್ಡೆ ಚೀಲ ಹೊತ್ತ ನಾನು. ಎಲ್ಲರೂ ಆಹಾ ಓಹೋ ಎಂದು ಶಿಖರ ನೋಡುವಾಗ ನಾನು ನೀರೆಲ್ಲಿ ಸಿಗುತ್ತದೆ ಎಂದು ನೋಡುತ್ತಿರುತ್ತೇನೆ. ಅಡುಗೆಯವನ ನೆನಪು ಜನಕ್ಕೆ ಬರುವುದು ಸೂಪು ಸೀದಾಗ ಮಾತ್ರ. ಇರಲಿ, ನನ್ನ ಗೋಳು ತೋಡಿಕೊಳ್ಳಲು ನಾನು ಕೂತಿಲ್ಲ. ಅಕ್ಕನ ಬಿಲ್ಲೆಯ ವಿಷಯ ಹೇಳಬೇಕು.

ಬಿಲ್ಲೆ ಎಂದರೆ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಹಿತ್ತಾಳೆಯ ತುಂಡು. ಅದು ಎದೆಯ ಮೇಲಿದ್ದರೆ ನೀವು ಗೈಡು. ಇಲ್ಲದಿದ್ದರೆ ಬೆಟ್ಟದ ದಾರಿಯ ಕಾವಲು ಸೇತುವೆಯಾಚೆ ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಯಾಕೆಂದರೆ ನಮ್ಮ ಬೆಟ್ಟಸಾಲಿನ ನೆತ್ತಿಯ ಮೇಲೆ ಗಡಿ ಹಾದುಹೋಗುತ್ತದೆ. ಬೇಲಿಯಿಲ್ಲ, ಗೋಡೆಯಿಲ್ಲ, ದೂರ ದೂರಕ್ಕೆ ಒಂದೊಂದು ಗಡಿಕಲ್ಲು, ಅಷ್ಟೆ. ಆ ಕಡೆ ಬೇರೆಯವರ ದೇಶ, ಬೇರೆಯವರ ಬಂದೂಕು. ಅತಿಥಿಗಳನ್ನು ಕರೆದುಕೊಂಡು ಗಡಿ ದಾಟಿದ ಗೈಡಿನ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಬೇಕೆಂದು ದಾಟಿದರೂ ಅಷ್ಟೆ, ತಿಳಿಯದೆ ದಾಟಿದರೂ ಅಷ್ಟೆ. ಈ ಜನ್ಮದಲ್ಲಿ ಅದು ಮತ್ತೆ ಸಿಗುವುದಿಲ್ಲ. ಇದು ನಮ್ಮ ಕಡೆಯ ಶಿಕ್ಷೆ. ಆ ಕಡೆಯವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಮಾತ್ರ ಕೇಳಬೇಡಿ. ಪಕ್ಕದ ಹಳ್ಳಿಯ ಕುರಿಗಾಹಿಯೊಬ್ಬ ತಪ್ಪಿಸಿಕೊಂಡ ಕುರಿಯ ಹಿಂದೆ ಹೋದವನು ವರ್ಷಗಟ್ಟಲೆ ಅಲ್ಲಿನ ಜೈಲಿನಲ್ಲಿದ್ದು ಬಂದ. ಬಾಗಿಲಲ್ಲಿ ನಿಂತಾಗ ಹೆತ್ತ ಮಗಳಿಗೇ ಅವನ ಗುರುತು ಸಿಗಲಿಲ್ಲ.

ಅಕ್ಕನಿಗೆ ಈ ಬಿಲ್ಲೆ ಸುಮ್ಮನೆ ಬಂದದ್ದಲ್ಲ. ಹೆಂಗಸಿಗೆ ಬಿಲ್ಲೆ ಕೊಟ್ಟ ರೂಢಿ ನಮ್ಮಲ್ಲಿರಲಿಲ್ಲ. ಬಿಲ್ಲೆ ಕೊಡುವ ಕಚೇರಿಯಲ್ಲಿ ನಕ್ಕರು. ಗೈಡುಗಳ ಕೋಣೆಯಲ್ಲಿ ಇನ್ನೂ ಜೋರಾಗಿ ನಕ್ಕರು. ನಗದೆ ಇದ್ದವರು ಒಬ್ಬರೇ, ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ, ಗೈಡುಗಳಿಗೆಲ್ಲ ಹಿರಿಯರು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವರು. ನನಗೆ ಬೆಟ್ಟದ ವಿದ್ಯೆ ಹತ್ತುವುದಿಲ್ಲ ಎಂದು ಅವರಿಗೆ ಬೇಗ ಗೊತ್ತಾಯಿತು, ಕೈಗೆ ಸೌಟು ಕೊಟ್ಟರು. ಅಕ್ಕನಿಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದರು. ಬಿಲ್ಲೆ ಕೈಗೆ ಬರುವ ತನಕ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು. ಸಾಹೇಬರಿಗೆ ಅವರ ಮುಖ ನೋಡಿ ನೋಡಿ ಸಾಕಾಗಿಯೇ ಸಹಿ ಹಾಕಿದ್ದು ಎಂದು ಭಾವ ಇವತ್ತಿಗೂ ತಮಾಷೆ ಮಾಡುತ್ತಾನೆ.

ಭಾವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹರಿದ ಡೇರೆಗಳು, ಪಟ್ಟಿ ಕಿತ್ತ ಚೀಲಗಳು, ಕಾಲಿಗೆ ಸಿಗುವ ದಾರದುಂಡೆ. ಆ ಗಲಾಟೆಯಲ್ಲಿ ಒಂದೇ ಒಂದು ಜಾಗ ಚೊಕ್ಕಟ, ಬಿಲ್ಲೆ ತೂಗುಹಾಕುವ ಮೊಳೆಯ ಸುತ್ತಮುತ್ತ. ಅಕ್ಕ ಅಲ್ಲಿ ಒಂದು ಕ್ಯಾಲೆಂಡರ್ ಹಾಕಲೂ ಬಿಟ್ಟಿಲ್ಲ. ತಾಳಿಗಿಂತ ಹೆಚ್ಚಾಯ್ತಲ್ಲೇ ನಿಂಗದು ಎಂದು ಭಾವ ರೇಗಿಸಿದರೆ, ತಾಳಿ ನೀನು ತಂದದ್ದು, ಇದು ನಾನು ತಂದದ್ದು ಎನ್ನುತ್ತಿದ್ದಳು.

ದೊಡ್ಡಪ್ಪ ಕಲಿಸಿದ ವಿದ್ಯೆಯಲ್ಲಿ ಮೊದಲನೆಯದು ಕಾಡುಮೇಕೆಯ ಜಾಡು. ಹೊಸ ಹಿಮ ಬಿದ್ದ ಮೇಲೆ ನೆತ್ತಿಯ ಕೆಳಗಿನ ಇಳಿಜಾರು ನಂಬಿಕೆಗೆ ಅರ್ಹವಲ್ಲ. ಮೇಲಿನ ಪದರ ಸಡಿಲವಾಗಿರುತ್ತದೆ, ಒಂದು ತಪ್ಪು ಹೆಜ್ಜೆಗೆ ಬೆಟ್ಟದ ಅರ್ಧ ಮೈಯೇ ಕಳಚಿ ಬೀಳುತ್ತದೆ. ಹಾಗಾಗಿ ನಮ್ಮ ಗೈಡುಗಳು ತಾವಾಗಿ ದಾರಿ ಮಾಡುವುದಿಲ್ಲ. ಬೆಳಿಗ್ಗೆ ಕಾಡುಮೇಕೆಗಳ ಹಿಂಡು ದಾಟುವ ತನಕ ಕಾಯುತ್ತಾರೆ, ಅವುಗಳ ಗೊರಸಿನ ಗುರುತಿನ ಮೇಲೆಯೇ ಹೆಜ್ಜೆ ಇಡುತ್ತಾರೆ. ಕೆಳಗೆ ಬಂಡೆ ಎಲ್ಲಿದೆ ಎಂದು ಅವಕ್ಕೆ ಹೇಗೋ ತಿಳಿಯುತ್ತದೆ. ಜೊತೆಗೆ ನಮ್ಮ ಕಡೆಯ ಕಣಿವೆಯಲ್ಲಿ ಉಪ್ಪು ಒಸರುವ ಒಂದು ಗೋಡೆಬಂಡೆಯಿದೆ. ಮೇಕೆಗಳಿಗೆ ಉಪ್ಪೆಂದರೆ ಪ್ರಾಣ. ಎಲ್ಲಿ ಸುತ್ತಿದರೂ ಕೊನೆಗೆ ಅದನ್ನು ನೆಕ್ಕಲು ಇಳಿದೇ ಇಳಿಯುತ್ತಿದ್ದವು. ಅವುಗಳ ಹಿಂದೆ ಹೋದವರು ಕಣಿವೆ ಸೇರುತ್ತಿದ್ದರು. ದೊಡ್ಡಪ್ಪನಿಗೆ ಅವರಪ್ಪ ಕಲಿಸಿದ್ದೂ ಇದನ್ನೇ. ಯಾರೂ ಯಾವತ್ತೂ ಮೋಸ ಹೋಗಿರಲಿಲ್ಲ.

ಆ ಸಲ ಬಂದ ಅತಿಥಿಗಳು ಇಬ್ಬರೇ, ಒಬ್ಬರು ನಿವೃತ್ತ ಮೇಷ್ಟ್ರು ಮತ್ತು ಅವರ ಸೊಸೆ. ಮೇಷ್ಟ್ರಿಗೆ ಜೀವಮಾನದಲ್ಲಿ ಒಮ್ಮೆ ಹಿಮಚಿರತೆ ನೋಡಬೇಕು. ಮಗನಿಗೆ ಬಿಡುವಿಲ್ಲ. ಈ ಮುದುಕರನ್ನು ಒಂಟಿಯಾಗಿ ಕಳಿಸಿದರೆ ಮಫ್ಲರನ್ನೇ ಮರೆತು ಹೋಗುತ್ತಾರೆ ಎಂದು ಸೊಸೆ ಬೆನ್ನು ಹತ್ತಿದ್ದಳು. ದಾರಿಯುದ್ದಕ್ಕೂ ಇಬ್ಬರದೂ ಹಾವು ಮುಂಗುಸಿ. ನೀರು ಕುಡೀರಿ ಮಾವ, ಟೋಪಿ ಹಾಕ್ಕೊಳ್ಳಿ ಮಾವ. ಅವರು ಕೇಳಿಸದವರ ಹಾಗೆ ರಣಹದ್ದು ತೋರಿಸುತ್ತ ಅದರ ರೆಕ್ಕೆಯ ಅಗಲದ ಬಗ್ಗೆ ಪಾಠ ಶುರು ಮಾಡುವರು. ಒಣಕೆಮ್ಮು ಬೇರೆ, ಮೇಲೆ ಹೋದಷ್ಟೂ ಜಾಸ್ತಿ. ಫೋನು, ಕ್ಯಾಮೆರಾ, ದಾರಿ ತೋರಿಸುವ ಯಂತ್ರ ಎಲ್ಲವನ್ನೂ ಗಡಿ ಪ್ರದೇಶವೆಂದು ಸೇತುವೆಯ ಹತ್ತಿರವೇ ಇಸಿದುಕೊಂಡಿದ್ದರು. ಅದಕ್ಕೆ ಸೊಸೆಯ ಮುಖ ಮೊದಲ ದಿನವಿಡೀ ಗಂಟು ಹಾಕಿಕೊಂಡೇ ಇತ್ತು. ನನ್ನ ಸೂಪು ಕುಡಿದ ಮೇಲೆ ಸ್ವಲ್ಪ ಸಡಿಲವಾಯಿತು, ಅದನ್ನು ನಾನು ಹೇಳಲೇಬೇಕು.

ನೆತ್ತಿಯ ಕೆಳಗಿನ ಕಲ್ಲುಮನೆಯಲ್ಲಿ ನಾವಿದ್ದಾಗ ಹಗಲೆಲ್ಲ ಹಿಮ ಸುರಿಯಿತು. ಮರುದಿನ ಬೆಳಿಗ್ಗೆ ಬಿಸಿಲು. ಮೇಕೆಗಳು ಸಾಲಾಗಿ ದಾಟಿದ್ದನ್ನು ಮೇಷ್ಟ್ರು ಮಗುವಿನ ಹಾಗೆ ಕೈ ತಟ್ಟಿಕೊಂಡು ನೋಡಿದರು. ಅವು ಮರೆಯಾದ ಮೇಲೆ ಅಕ್ಕ ಹೊರಟಳು, ನಾವು ಹಿಂದೆ. ನೆತ್ತಿಯ ಗುಂಟ ಹೋಗಿ ನಮ್ಮ ಕಡೆಗೇ, ಉಪ್ಪುಬಂಡೆಯ ಕಣಿವೆಗೆ ಇಳಿಯುವುದು ಲೆಕ್ಕ. ನೆತ್ತಿ ಮುಟ್ಟುವ ಹೊತ್ತಿಗೆ ಕೆಳಗಿನಿಂದ ಮಂಜು ಎದ್ದಿತು. ನೋಡ ನೋಡುತ್ತಿದ್ದಂತೆ ಸೊಸೆಯ ಕೆಂಪು ಕೋಟು ಮಸುಕಾಯಿತು, ಅಕ್ಕ ಕಾಣಿಸಲೇ ಇಲ್ಲ. ಅಕ್ಕ ಎಲ್ಲರನ್ನೂ ಒಂದು ಹಗ್ಗಕ್ಕೆ ಕಟ್ಟಿ ಗೊರಸಿನ ಗುರುತಿಗೆ ಬಗ್ಗಿ ನಡೆದಳು. ಗಡಿಕಲ್ಲು ಹೊಸ ಹಿಮದಲ್ಲಿ ಎಲ್ಲೋ ಮುಚ್ಚಿಹೋಗಿತ್ತು. ಒಂದು ಕಡೆ ನಿಂತು ಜಾಡನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಎಲ್ಲ ಈ ಬೆಳಗಿನದೇ, ಮರಿಗಳೂ ಜೊತೆಗಿವೆ, ಮರಿ ಕರೆದುಕೊಂಡು ಹೋಗಿವೆ ಎಂದರೆ ನೆಲ ಗಟ್ಟಿ ಎಂದಳು. ಆಮೇಲೆ ಇಳಿಯಲು ಶುರು ಮಾಡಿದೆವು.

ಇಳಿದೆವು, ಇಳಿದೆವು. ಮಂಜಿನಲ್ಲಿ ಎಡ ಬಲ ತಿಳಿಯುವುದಿಲ್ಲ, ಕಾಲಿಗೆ ಗೊತ್ತಾಗುವುದು ಕೆಳಗೆ ಎಂಬುದೊಂದೇ. ಮೊದಲು ನನಗೆ ಏನೂ ಅನ್ನಿಸಲಿಲ್ಲ, ಬೆನ್ನ ಮೇಲಿನ ಒಲೆ ಕುತ್ತಿಗೆಗೆ ಒತ್ತುತ್ತಿದೆ ಎಂಬುದನ್ನು ಬಿಟ್ಟು. ಆಮೇಲೆ ಮೂಗಿಗೆ ವಾಸನೆ ಬಂತು. ಬೂದಿ, ಜಿಡ್ಡು, ಸೀದ ಈರುಳ್ಳಿ. ಪಾತ್ರೆ ತೊಳೆದ ನೀರಿನ ವಾಸನೆ. ಅದು ನನಗೆ ನಿದ್ದೆಯಲ್ಲೂ ಗೊತ್ತಾಗುವ ವಾಸನೆ. ಈ ಬೆಟ್ಟದ ಮೇಲೆ ಇರುವುದು ಒಂದೇ ಅಡುಗೆಮನೆ, ಅದು ನನ್ನ ಬೆನ್ನ ಮೇಲಿದೆ, ಒಲೆ ತಣ್ಣಗಿದೆ. ಹಾಗಾದರೆ ಈರುಳ್ಳಿ ಸೀಯಿಸಿದವರು ಯಾರು?

ಹಗ್ಗ ಜಗ್ಗಿ ಅಕ್ಕನ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಅಕ್ಕ, ಇಲ್ಲಿ ಯಾರೋ ಅಡುಗೆ ಮಾಡ್ತಿದ್ದಾರೆ."

ನಿನ್ನ ತಲೆ ಎಂದು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಮಂಜು ಒಂದಿಷ್ಟು ಸರಿದಿತ್ತು. ನಮ್ಮ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಎಂದರೂ ನಡೆಯುತ್ತದೆ, ಇಡೀ ಹಿಂಡು ತಲೆ ತಗ್ಗಿಸಿ ನಿಂತಿತ್ತು. ಹಿಮ ಅಲ್ಲಿ ಬಿಳಿಯಾಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಗಡ್ಡೆಗಟ್ಟಿತ್ತು. ಅದನ್ನೇ ಮೇಕೆಗಳು ಸರಸರ ನೆಕ್ಕುತ್ತಿದ್ದವು. ಸುತ್ತಲೂ ಮೊಟ್ಟೆಯ ಚಿಪ್ಪು, ಚಹಾ ಚರಟ, ಖಾಲಿ ಡಬ್ಬಗಳು. ಡಬ್ಬದ ಮೇಲಿನ ಅಕ್ಷರ ನಮ್ಮದಲ್ಲ. ಮೇಲೆ, ಬಂಡೆಯ ಅಂಚಿನಾಚೆ, ಯಾರೋ ಗುನುಗುತ್ತಿದ್ದರು. ಆ ಹಾಡೂ ನಮ್ಮದಲ್ಲ.

ಆಮೇಲೆ ತಿಳಿದದ್ದು, ಹಿಂದಿನ ಬೇಸಿಗೆಯಲ್ಲಿ ಆ ಕಡೆಯವರು ನೆತ್ತಿಯ ಕೆಳಗೆ ಹೊಸ ಕಾವಲು ಠಾಣೆ ಕಟ್ಟಿದ್ದರು. ನಮ್ಮ ಕಡೆಯಿಂದ ಅದು ಕಾಣುವುದಿಲ್ಲ, ಬೆಟ್ಟದ ಉಬ್ಬು ಅಡ್ಡ ಬರುತ್ತದೆ. ಅವರ ಅಡುಗೆಯವನು ದಿನಾ ಉಪ್ಪುನೀರು ಚೆಲ್ಲುತ್ತಿದ್ದ. ಅದರ ರುಚಿ ಹತ್ತಿದ ಮೇಕೆಗಳು ನಮ್ಮ ಗೋಡೆಬಂಡೆಯನ್ನು ಮರೆತಿದ್ದವು. ಮೇಕೆಗೆ ಯಾವ ಗಡಿ? ನಾವು ಅವುಗಳ ಬಾಲ ಹಿಡಿದು ನೇರ ಬಂದೂಕಿನ ಕೆಳಗೆ ಬಂದು ನಿಂತಿದ್ದೆವು.

ಅಕ್ಕನ ಕೈ ಎದೆಯ ಬಿಲ್ಲೆಯನ್ನು ಮುಚ್ಚಿಕೊಂಡಿತ್ತು, ಹೊಳೆದೀತು ಎಂದೋ, ಹೋದೀತು ಎಂದೋ ನನಗೆ ಗೊತ್ತಿಲ್ಲ. ಇನ್ನೊಂದು ಕೈಯಲ್ಲಿ ಎಲ್ಲರನ್ನೂ ಬಂಡೆಯ ಬುಡಕ್ಕೆ ಒತ್ತಿ ಕೂರಿಸಿದಳು. ಮೇಷ್ಟ್ರು ಕಣ್ಣಲ್ಲೇ ಏನೆಂದು ಕೇಳಿದರು. ಅಕ್ಕ ಅವರ ಕಿವಿಗೆ ಬಾಯಿಟ್ಟು ಹೇಳಿದಳು. ಸೊಸೆ ಅದನ್ನು ಮಾವನ ಮುಖದಲ್ಲೇ ಓದಿಕೊಂಡಳು.

ಓಡುವ ಹಾಗಿರಲಿಲ್ಲ. ಓಡಿದರೆ ಮೇಕೆಗಳು ಬೆದರುತ್ತವೆ, ಮೇಕೆಗಳು ಬೆದರಿದರೆ ಕಾವಲಿನವನು ಇಣುಕುತ್ತಾನೆ. ಕೂರುವ ಹಾಗೂ ಇರಲಿಲ್ಲ, ಮಂಜು ತೆಳುವಾಗುತ್ತಿತ್ತು. ಮಂಜಿರುವಾಗ ಬಂದ ದಾರಿ ಕಾಣುವುದಿಲ್ಲ, ಮಂಜು ಸರಿದರೆ ನಾವು ಕಾಣುತ್ತೇವೆ. ಇಂಥ ಇಕ್ಕಟ್ಟನ್ನು ಯಾವ ಶತ್ರುವಿಗೂ ಬಯಸುವುದಿಲ್ಲ ನಾನು.

ಅಕ್ಕ ಸನ್ನೆ ಮಾಡಿದಳು. ಮುಖ ಮೇಕೆಗಳ ಕಡೆಗೇ ಇಟ್ಟುಕೊಂಡು, ಮಂಡಿಯೂರಿ, ಹಿಂದಕ್ಕೆ ಹಿಂದಕ್ಕೆ. ಮೇಕೆ ತಲೆ ಎತ್ತಿದರೆ ಕಲ್ಲಾಗಬೇಕು, ತಗ್ಗಿಸಿದರೆ ಒಂದು ಗೇಣು ಸರಿಯಬೇಕು. ಹೊರಡುವ ಮೊದಲೇ ಮೇಲೆ ಬಕೆಟ್ಟಿನ ಸದ್ದಾಯಿತು, ಬೂಟಿನ ಸದ್ದಾಯಿತು, ಗುನುಗು ಹತ್ತಿರ ಬಂತು. ಧುಪ್ಪೆಂದು ಒಂದು ಬಕೆಟ್ ಬಿಸಿ ಎಂಜಲುನೀರು ನನ್ನ ತಲೆಯ ಮೇಲೆ ಸುರಿಯಿತು. ಅಯ್ಯೋ ಎನ್ನುವಂತಿಲ್ಲ, ಒರೆಸಿಕೊಳ್ಳುವಂತಿಲ್ಲ. ಹಲ್ಲು ಕಚ್ಚಿ ಕೂತೆ. ಮೂಗಿನಿಂದ ಇಳಿದು ತುಟಿಗೆ ಬಂತು. ಹೇಳುತ್ತೇನೆ ಕೇಳಿ, ಆ ಮಹರಾಯ ಉಪ್ಪು ಹಾಕುವುದರಲ್ಲಿ ಕೈ ಹಿಡಿತ ಕಲಿತಿಲ್ಲ. ಅವನ ಠಾಣೆಯವರನ್ನು ದೇವರೇ ಕಾಪಾಡಬೇಕು.

ಆಗ ಮೇಷ್ಟ್ರ ಎದೆ ಅದುರತೊಡಗಿತು. ಕೆಮ್ಮು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಕಣ್ಣು ಗುಡ್ಡೆ ಹೊರಗೆ ಬಂತು. ಸೊಸೆ ಕೈಗವಸು ಕಿತ್ತೆಸೆದು ಜೇಬಿನಿಂದ ಸಕ್ಕರೆ ಅಚ್ಚು ತೆಗೆದು ಅವರ ಬಾಯಿಗೆ ತುರುಕಿದಳು. ಅವರ ತಲೆಯನ್ನು ತನ್ನ ಕೋಟಿನೊಳಗೆ ಎಳೆದುಕೊಂಡು, ಮಗುವನ್ನು ಅವುಚಿದ ಹಾಗೆ ಅವುಚಿಕೊಂಡಳು. ಬೆನ್ನು ಸವರುತ್ತ ಕೂತಳು. ಒಳಗಿಂದ ಒಂದು ಸಣ್ಣ ಗೊರಕೆಯಂಥ ಸದ್ದು ಬಂತು. ಒಂದು ಮೇಕೆ ತಲೆ ಎತ್ತಿ ಕಿವಿ ತಿರುಗಿಸಿತು. ಬೂಟಿನ ಸದ್ದು ನಿಂತಿತು. ಆಮೇಲೆ ಮೇಕೆ ತಲೆ ತಗ್ಗಿಸಿತು, ಬೂಟು ಒಳಗೆ ಹೋಯಿತು.

ಸರಿಯತೊಡಗಿದೆವು. ಇಳಿಯುವಾಗ ಸುಲಭವಾಗಿದ್ದ ದಾರಿ ಹಿಮ್ಮುಖವಾಗಿ ಹತ್ತುವಾಗ ಯಮಯಾತನೆ. ಅಷ್ಟರಲ್ಲಿ ಗಾಳಿ ಬೀಸಿತು. ಠಾಣೆಯ ತಗಡಿನ ಮಾಡು, ಹೊಗೆ ಕೊಳವೆ, ಮರಳಿನ ಚೀಲಗಳ ಮೇಲೊಂದು ಕಪ್ಪು ನಳಿಕೆ, ಒಂದೊಂದಾಗಿ ಎಲ್ಲ ಮೂಡತೊಡಗಿದವು. ನಾವು ಬಿಳಿ ಇಳಿಜಾರಿನ ನಟ್ಟನಡುವೆ, ಕೆಂಪು ಕೋಟಿನ ಸಮೇತ. ಮುಗಿಯಿತು ಎಂದುಕೊಂಡೆ. ಅಕ್ಕ ನಿಂತುಬಿಟ್ಟಳು. ಅವಳು ಕೈ ಮೇಲೆತ್ತಲು ತಯಾರಾಗುತ್ತಿದ್ದಳು ಎಂದು ಆಮೇಲೆ ಹೇಳಿದಳು. ಗುಂಡು ತಿನ್ನುವುದಕ್ಕಿಂತ ಶರಣಾಗುವುದು ಮೇಲು ಎಂದು.

ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಅವರ ಕಣ್ಣು ಠಾಣೆಯ ಕಡೆ ಇರಲಿಲ್ಲ. ಮೇಕೆಗಳ ಮೇಲ್ಗಡೆಯ ಬಂಡೆಯನ್ನು ನೋಡುತ್ತಿದ್ದರು. ನಾನು ನೋಡಿದೆ, ಬಂಡೆ ಬಿಟ್ಟರೆ ಏನೂ ಇಲ್ಲ. ಮತ್ತೆ ನೋಡಿದೆ, ಬಂಡೆಯ ತುದಿಯಲ್ಲಿ ಒಂದು ಬಾಲ ಅತ್ತಿತ್ತ ಆಡಿತು. ಬೂದುಬಣ್ಣ, ಮಚ್ಚೆ, ನೆಲಕ್ಕಂಟಿದ ಹೊಟ್ಟೆ. ನಾವು ಅಷ್ಟು ಹೊತ್ತೂ ಅದರ ಕಣ್ಣೆದುರೇ ಇದ್ದೆವು. ಅದಕ್ಕೆ ನಮ್ಮಲ್ಲಿ ಆಸಕ್ತಿಯೇ ಇರಲಿಲ್ಲ.

ಅದು ಹಾರಿತು. ಹಿಂಡು ಸಿಡಿದು ಕೆಳಗಿನ ಕೊರಕಲಿನತ್ತ ನುಗ್ಗಿತು. ಕಲ್ಲುಗಳು ಉರುಳಿದವು. ಠಾಣೆಯಲ್ಲಿ ಸೀಟಿ, ಕೂಗು, ದಡದಡ ಬೂಟುಗಳು, ಎಲ್ಲ ಆ ಕೊರಕಲಿನ ಕಡೆಗೆ. ಅಕ್ಕ ಎಂದೂ ಅತಿಥಿಗಳನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ. "ಏಳು, ನಡಿ" ಎಂದು ಮೇಷ್ಟ್ರ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ನಾವು ಹತ್ತಿದೆವು. ಹಿಂದಿನಿಂದ ಒಂದು ಗುಂಡು ಹಾರಿದ ಸದ್ದಾಯಿತು. ಚಿರತೆಗೋ, ಗಾಳಿಗೋ, ನಮಗೋ ಎಂದು ತಿರುಗಿ ನೋಡುವ ಧೈರ್ಯ ಯಾರಿಗಿತ್ತು? ಮೇಲಿನಿಂದ ಮಂಜು ಇನ್ನೊಮ್ಮೆ ಇಳಿದು ನಮ್ಮನ್ನು ಮುಚ್ಚಿಕೊಂಡಿತು.

ನೆತ್ತಿಯಲ್ಲಿ ಅಕ್ಕನ ಕೋಲು ಹಿಮದೊಳಗೆ ಕಲ್ಲಿಗೆ ತಾಗಿತು. ಕೈಯಿಂದ ಹಿಮ ಬಗೆದಳು. ಗಡಿಕಲ್ಲು. ಅದನ್ನು ದಾಟಿ ಈ ಕಡೆ ಬಂದು ಕೂತವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಕ್ಕ ಹಾಗೆ ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿರಲಿಲ್ಲ. ನನಗೆ ಭಯವಾಯಿತು. ಏನು ಮಾಡಲೂ ತೋಚದೆ ಒಲೆ ಹಚ್ಚಿ ಚಹಾ ಮಾಡಿದೆ.

ಮೇಷ್ಟ್ರು ದೊಡ್ಡ ಮನುಷ್ಯರು. ಕಲ್ಲುಮನೆಗೆ ಬಂದ ಮೇಲೆ ಅವರೇ ಮಾತೆತ್ತಿದರು. ತಾವು ಚಿರತೆ ನೋಡಿಲ್ಲ, ಗಡಿಯ ಹತ್ತಿರವೂ ಸುಳಿದಿಲ್ಲ, ಮಂಜಿನಲ್ಲಿ ದಾರಿ ತಪ್ಪಿ ಹಿಂತಿರುಗಿದೆವು, ಯಾರು ಕೇಳಿದರೂ ಅಷ್ಟೇ ಹೇಳುವುದು ಎಂದರು. ಜೀವನವಿಡೀ ಕಾದು ನೋಡಿದ್ದನ್ನು ನುಂಗಿಕೊಳ್ಳುತ್ತೇನೆ ಎನ್ನುತ್ತಿದ್ದರು ಅವರು. ಸೊಸೆಯೂ, ಇವರು ಹೇಳಿದರೆ ನಾನೇ ಬಾಯಿ ಮುಚ್ಚಿಸ್ತೀನಿ, ಅಭ್ಯಾಸ ಆಗಿದೆ ಎಂದಳು. ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. ಅವರಿಬ್ಬರ ಕೈ ಹಿಡಿದು ತಪ್ಪಾಯಿತೆಂದಳು, ಅಷ್ಟೆ.

ಮನೆ ಸೇರಿದ ಸಂಜೆ ಭಾವನಿಗೆ ಎಲ್ಲ ಹೇಳಿದಳು. ಭಾವ ಯಂತ್ರದ ಚಕ್ರ ನಿಲ್ಲಿಸಿ ಕೇಳಿದ. ಯಾರೂ ನೋಡಿಲ್ಲ, ಯಾರೂ ಹೇಳಲ್ಲ, ಜೀವ ಉಳೀತು, ಇಲ್ಲಿಗೆ ಬಿಡು ಎಂದ. ನಾನೂ ಅದನ್ನೇ ಎಂದೆ. ಅಕ್ಕ ಮೊಳೆಯ ಮೇಲಿನ ಬಿಲ್ಲೆಯನ್ನು ನೋಡುತ್ತಿದ್ದಳು. ಹಿಮ ಇನ್ನೂ ಬೀಳುತ್ತೆ, ಇನ್ನೊಬ್ಬರು ಅದೇ ಜಾಡು ಹಿಡೀತಾರೆ ಎಂದಳು. ಮೇಕೆಗಳು ದಾರಿ ಬದಲಾಯಿಸಿವೆ ಎಂದು ಮಾತ್ರ ಹೇಳು, ಇಳಿದದ್ದನ್ನು ಹೇಳಬೇಡ ಎಂದು ಭಾವ ಉಪಾಯ ಹೂಡಿದ. ನನಗೂ ಅದು ಸರಿಯೆನ್ನಿಸಿತು. ಅಕ್ಕ ಆಗದೆಂದು ತಲೆಯಾಡಿಸಿದಳು. ಅವು ಎಲ್ಲಿಗೆ ಇಳಿಯುತ್ತವೆ ಎಂಬುದು ನೆತ್ತಿಯಿಂದ ಕಾಣುವುದಿಲ್ಲ ಎಂದಳು. ಇಳಿದವರನ್ನು ಬಿಟ್ಟು ಇನ್ನಾರಿಗೂ ಅದು ತಿಳಿಯುವ ಹಾಗಿಲ್ಲ. ಹೇಗೆ ಗೊತ್ತಾಯಿತು ಎಂದು ಮೊದಲು ಕೇಳುವುದೇ ಸಾಹೇಬರು.

"ಬಿಲ್ಲೆ ಹೋದ್ರೆ ನೀನೇನೇ ಮಾಡ್ತೀಯ?" ಎಂದ ಭಾವ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಗೊತ್ತಿಲ್ಲ. ಅದನ್ನ ಕೇಳ್ಬೇಡ ಈಗ" ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಗೈಡುಗಳ ಕೋಣೆಗೆ ನಾನೂ ಹೋದೆ. ಉದ್ದದ ಕೋಣೆ, ಗೋಡೆಗೆ ಬೆಂಚು, ನಡುವೆ ಹೊಗೆಯಾಡುವ ಒಲೆ, ಒಣಗಲು ಹಾಕಿದ ಕಾಲುಚೀಲಗಳ ವಾಸನೆ. ದಿನಾ ಅಲ್ಲಿ ಸಾಹೇಬರು ಯಾವ ತಂಡ ಯಾರ ಜೊತೆ ಎಂದು ಹಂಚುತ್ತಾರೆ. ದೊಡ್ಡಪ್ಪ ಎಂದಿನಂತೆ ಒಲೆಯ ಪಕ್ಕದ ಜಾಗದಲ್ಲಿದ್ದರು. ಅಕ್ಕ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು, ನೆತ್ತಿ, ಮಂಜು, ಮೇಕೆಗಳು, ಎಂಜಲುನೀರು, ಠಾಣೆ. ಮೇಕೆ ಜಾಡನ್ನ ಇನ್ನು ಯಾರೂ ನಂಬಬೇಡಿ ಎಂದಳು. ಮೊದಲಾಗಿದ್ದರೆ ಯಾರಾದರೂ ಒಂದು ಕುಹಕದ ಮಾತು ಎಸೆಯುತ್ತಿದ್ದರು. ಅವತ್ತು ಒಬ್ಬ ಎದ್ದು ಒಲೆಗೆ ಸೌದೆ ಒಡ್ಡಿ ಕೂತ, ಅಷ್ಟೆ.

ಸಾಹೇಬರು ಕೆಟ್ಟವರಲ್ಲ. ಇದನ್ನ ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ವಲ್ಲಮ್ಮ ಎಂದು ನೊಂದುಕೊಂಡರು. ಈಗ ಕೇಳಿಯೂ ಕೇಳದ ಹಾಗಿರಲು ತಮ್ಮಿಂದಾಗದು ಎಂದರು. ಅಕ್ಕ ಬಿಲ್ಲೆಯ ಪಿನ್ನು ಬಿಚ್ಚಲು ಹೋದಳು. ಬೆರಳು ಹಿಮ ಕಚ್ಚಿ ಊದಿತ್ತು, ಬಿಚ್ಚಲಾಗಲಿಲ್ಲ. ನಾನೇ ಬಿಚ್ಚಿ ಮೇಜಿನ ಮೇಲಿಟ್ಟೆ. ಅಷ್ಟು ಹಗುರದ ವಸ್ತುವನ್ನು ಎತ್ತಿ ಇಡುವುದಕ್ಕೆ ನನಗೆ ಅಷ್ಟು ಕಷ್ಟವಾಗುತ್ತದೆ ಎಂದು ಎಣಿಸಿರಲಿಲ್ಲ. ತಲೆ ಎತ್ತಿದರೆ ಎಲ್ಲರೂ ಅಕ್ಕನನ್ನು ನೋಡುತ್ತಿದ್ದರು, ದೊಡ್ಡಪ್ಪನೊಬ್ಬರನ್ನು ಬಿಟ್ಟು. ಅವರು ತಮ್ಮ ಬೂಟಿನ ತುದಿ ನೋಡುತ್ತಿದ್ದರು.

ಬೀದಿಗೆ ಬಂದೆವು. ಬ್ರೆಡ್ಡಿನ ಅಂಗಡಿಯ ಹತ್ತಿರ ಹಿಂದಿನಿಂದ ದೊಡ್ಡಪ್ಪ ಬಂದರು, ಏದುಸಿರು ಬಿಡುತ್ತ. ಸಮಾಧಾನ ಹೇಳಲು ಬಂದರು ಎಂದುಕೊಂಡೆ. ಅಕ್ಕ ಮಾತ್ರ ಅವರ ಮುಖವನ್ನು ಒಂದು ಗಳಿಗೆ ನೋಡಿದಳು, ನೆಲ ನೋಡುವ ಅದೇ ಕಣ್ಣಲ್ಲಿ.

"ದೊಡ್ಡಪ್ಪ, ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಅವರು ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ. ಅವರು ಹೇಳಿದರು, ಬೇಸಿಗೆ ಕಳೆದು ಬಿದ್ದ ಮೊದಲ ಹಿಮದಲ್ಲಿ ತಾವೂ ತಂಡದ ಜೊತೆ ಅಲ್ಲಿಗೇ ಇಳಿದಿದ್ದರಂತೆ. ಅವರ ಪುಣ್ಯಕ್ಕೆ ಅವತ್ತು ಮಂಜು ಸರಿಯಲಿಲ್ಲವಂತೆ. ಆ ಕಡೆಯವರ ಮಾತು ಕೇಳಿಸಿದ್ದೇ ತಿರುಗಿ ಬಂದು ಬಾಯಿ ಹೊಲಿದುಕೊಂಡರಂತೆ. ಅತಿಥಿಗಳಿಗೆ ತಾವು ಎಲ್ಲಿಗೆ ಹೋಗಿದ್ದೆವೆಂಬುದೇ ಗೊತ್ತಾಗಲಿಲ್ಲವಂತೆ.

ನನ್ನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಕೂಗಾಡಿದೆ. ಬ್ರೆಡ್ಡಿನ ಅಂಗಡಿಯವನು ಹೊರಗೆ ಬಂದು ನೋಡುವಷ್ಟು ಕೂಗಾಡಿದೆ. ಆ ಮೇಷ್ಟ್ರು ಕೆಮ್ಮಿದ್ದಿದ್ದರೆ, ಆ ಹೆಣ್ಣುಮಗಳ ಕೆಂಪು ಕೋಟು ಕಂಡಿದ್ದರೆ ಎಂದೆಲ್ಲ. ಅಕ್ಕ ನನ್ನ ತೋಳು ಹಿಡಿದಳು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ನನ್ನ ಮಾತು ನಿಂತಿತು.

"ಈ ಬಿಲ್ಲೆ ಬಿಟ್ರೆ ನಂಗೆ ಇನ್ನೇನಿದೆ ಮಗಳೇ?" ಎಂದರು ದೊಡ್ಡಪ್ಪ.

"ನಂಗೇನಿತ್ತು ದೊಡ್ಡಪ್ಪ?" ಎಂದಳು ಅಕ್ಕ.

ಕೋಣೆಯ ಬಾಗಿಲು ಅಲ್ಲೇ ಇತ್ತು, ಸಾಹೇಬರು ಇನ್ನೂ ಒಳಗಿದ್ದರು. ದೊಡ್ಡಪ್ಪ ಆ ಕಡೆ ಒಮ್ಮೆ ನೋಡಿದರು. ಆಮೇಲೆ ಮಫ್ಲರು ಸುತ್ತಿಕೊಂಡು ತಮ್ಮ ಮನೆಯ ದಾರಿ ಹಿಡಿದರು.

ಈಗ ನಾನು ಅವರ ತಂಡದಲ್ಲೇ ಅಡುಗೆಯವನು. ಅಕ್ಕನ ತಂಡ ಹೋದ ಮೇಲೆ ಸಾಹೇಬರು ಹಾಕಿದ್ದು ಅಲ್ಲಿಗೆ, ಬೇಡ ಎನ್ನುವ ಹಾಗಿರಲಿಲ್ಲ. ಮೇಕೆಯ ಜಾಡನ್ನು ಈಗ ಯಾರೂ ಹಿಡಿಯುವುದಿಲ್ಲ. ಹಿಮ ಬಿದ್ದರೆ ತಂಡಗಳು ಕಲ್ಲುಮನೆಯಿಂದಲೇ ಹಿಂತಿರುಗುತ್ತವೆ. ಅಕ್ಕ ಮುಂದಿನ ಕೋಣೆಯಲ್ಲಿ ಭಾವನ ಜೊತೆ ಡೇರೆಗಳಿಗೆ ತೇಪೆ ಹಾಕುತ್ತಾಳೆ. ಹೊಲಿಗೆ ಸೊಟ್ಟ. ಬೆಟ್ಟದ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಕೂಗಿ ಮಾತಾಡುತ್ತಿದ್ದವಳು ಈಗ ಎರಡು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುತ್ತಾಳೆ. ಅದನ್ನು ನೋಡಿದಾಗ ನನಗೆ ತಡೆಯಲಾಗುವುದಿಲ್ಲ.

ಬೆಟ್ಟದ ಮೇಲೆ ನಾನು ಅವರಿಗೆ ಹೊತ್ತಿಗೆ ಸರಿಯಾಗಿ ಚಹಾ ಕೊಡುತ್ತೇನೆ, ಬಿಸಿನೀರು ಕೊಡುತ್ತೇನೆ. ಗೈಡ್ ಸಾಹೇಬ್ರೇ, ಚಹಾ ತಗೊಳ್ಳಿ ಎನ್ನುತ್ತೇನೆ. ಅವರು ಲೋಟ ಇಸಿದುಕೊಳ್ಳುತ್ತಾರೆ, ನನ್ನ ಮುಖ ನೋಡುವುದಿಲ್ಲ. ಈ ಮಾತು ಹೇಗೋ ಅಕ್ಕನ ಕಿವಿಗೆ ಬಿತ್ತು. ಅವರು ನಮ್ಮಪ್ಪನ ಅಣ್ಣ ಕಣೋ, ದೊಡ್ಡಪ್ಪ ಅನ್ನೋ ಎಂದು ಬೈದಳು. ಅವಳು ಇವತ್ತಿಗೂ ಹಾಗೆಯೇ ಕರೆಯುತ್ತಾಳೆ, ಬೀದಿಯಲ್ಲಿ ಸಿಕ್ಕರೆ ನಿಂತು ಆರೋಗ್ಯ ವಿಚಾರಿಸುತ್ತಾಳೆ. ನಾನು ಪ್ರಯತ್ನ ಮಾಡಿದೆ. ಒಂದೆರಡು ಸಲ ನಾಲಿಗೆಯ ತುದಿಯ ತನಕ ಬಂತು, ಆದರೆ ಆ ಮಾತು ಬಾಯಿಂದ ಹೊರಡಲೇ ಇಲ್ಲ.